ಕಾಗದ ನನ್ನದು, ಲ್ಯಾಪ್‌ಟಾಪ್ ಜೋಶಿಯದು

ಹೊಸ ವಸ್ತುವನ್ನು ನನಗಿಂತ ಮೊದಲು ಬೇರೆಯವರು ತಂದರೆ ಅದರಲ್ಲಿ ದೋಷ ಹುಡುಕುವುದು ನನ್ನ ಹುಟ್ಟುಗುಣ. ಬಾಜು ಮನೆಗೆ ಪ್ರೆಶರ್ ಕುಕ್ಕರ್ ಬಂದಾಗ, ಸೀಟಿ ಹೊಡೆದು ಬೆಂದ ಅನ್ನಕ್ಕೆ ರುಚಿಯೇ ಇರುವುದಿಲ್ಲವೆಂದು ಓಣಿಗೆಲ್ಲ ಸಾರಿದ್ದೆ. ದೀಪಾವಳಿಗೆ ಮಾವನವರು ನಮಗೂ ಒಂದು ಕೊಡಿಸಿದ ಮೇಲೆ ಸೀಟಿ ಎಣಿಸುವ ಕೆಲಸವನ್ನು ನಾನೇ ವಹಿಸಿಕೊಂಡೆ. ಅಡಿಗೆಮನೆಯಲ್ಲಿ ಹೆಂಡತಿ ಸುಮಿತ್ರಾ ನನಗೆ ಕೊಟ್ಟ ಏಕೈಕ ಅಧಿಕಾರ ಅದು. ಇಂಥ ನನ್ನೆದುರಿಗೆ ಲ್ಯಾಪ್‌ಟಾಪ್ ಬಂದು ನಿಂತದ್ದು ಎಂಬತ್ತರ ದಶಕದ ಕೊನೆಗೆ, ನವಲಗುಂದದಲ್ಲಿ.

ನಾನಾಗ ಅಲ್ಲಿ ನೀರಾವರಿ ಎಂಜಿನಿಯರ್. ಎರಿಭೂಮಿಯ ಕಪ್ಪು ಮಣ್ಣಿಗೆ ಕಾಲುವೆ ನೀರನ್ನು ಹೇಗೆ ಬಿಡಬೇಕು ಎಂಬ ವಿಷಯದ ಮೇಲೆ ನಮ್ಮ ಮೇಲಧಿಕಾರಿ ಪಾಟೀಲ ಸಾಹೇಬರು ಸುತ್ತಲಿನ ಎಂಜಿನಿಯರುಗಳ ತಾಂತ್ರಿಕ ಸಮ್ಮೇಳನ ಕರೆದರು. ಬೆಳಿಗ್ಗೆ ಪುಣೆಯಿಂದ ಬರುವ ನನ್ನ ಕಾಲೇಜು ಗೆಳೆಯ ಜೋಶಿಯ ಭಾಷಣ, ಊಟದ ಮೇಲೆ ನನ್ನದು. ಊಟದ ಮೇಲೆ ಮಾತಾಡುವವನ ಪಾಡು ನಿಮಗೆ ಗೊತ್ತೇ ಇದೆ. ಎದುರಿಗೆ ರೊಟ್ಟಿ, ಎಣ್ಣಿಗಾಯಿ, ಅದರ ಮೇಲೆ ಹೋಳಿಗೆ ಉಂಡು ಕೂತವರು. ನಿದ್ದೆಯಿಂದ ಎದ್ದ ಮೇಲಾದರೂ ಓದಿಕೊಳ್ಳಲಿ ಎಂದು ಭಾಷಣದ ಸೈಕ್ಲೋಸ್ಟೈಲ್ ಪ್ರತಿಗಳನ್ನು ಮಾಡಿಸಿ ಹಂಚಲು ನಿರ್ಧರಿಸಿದೆ.

ಮಾಡಿಸುವುದೇನು, ಟೈಪಿಸ್ಟ್ ರಜೆ ಹಾಕಿದ್ದರಿಂದ ಮಾಡಿದವನೂ ನಾನೇ. ಮೇಣದ ಸ್ಟೆನ್ಸಿಲ್ ಹಾಳೆಯ ಮೇಲೆ ಒಂದು ಅಕ್ಷರ ತಪ್ಪಿದರೆ ಕೆಂಪು ದ್ರವ ಹಚ್ಚಿ, ಉಫ್ ಎಂದು ಊದಿ ಒಣಗಿಸಿ, ಅದೇ ಜಾಗದಲ್ಲಿ ಮತ್ತೆ ಹೊಡೆಯಬೇಕು. ನನ್ನ ಸ್ಟೆನ್ಸಿಲ್ಲು ದಡಾರ ಎದ್ದ ಕೂಸಿನ ಹಾಗೆ ಕಾಣುತ್ತಿತ್ತು. ಮನೆಗೆ ತಂದ ಮೊದಲ ಪ್ರತಿಯನ್ನು ಓದಿದ ಸುಮಿತ್ರಾ, "ನಮ್ಮ ಕಡೆ ಒಂಟಿ ಯಾವಾಗ ಬಂದ್ವುರಿ?" ಎಂದಳು. ನೋಡಿದರೆ ಕೆನಾಲ್ ಇರಬೇಕಾದಲ್ಲಿ ಕ್ಯಾಮಲ್ ಇತ್ತು, ಆ ಕ್ಯಾಮಲ್‌ನ ಹೂಳೆತ್ತುವ ವಿಧಾನವನ್ನು ನಾನು ಸವಿಸ್ತಾರವಾಗಿ ವಿವರಿಸಿದ್ದೆ! ಮತ್ತೆ ಕೆಂಪು ದ್ರವ, ಮತ್ತೆ ಉಫ್. ಅಂತೂ ಮೊಣಕೈವರೆಗೆ ಶಾಯಿ ಬಳಿದುಕೊಂಡು ಕಾಗದದ ಕಟ್ಟುಗಳನ್ನು ಸಿದ್ಧಮಾಡಿದಾಗ ನನಗೆ ಹೆತ್ತಷ್ಟು ಸಂಭ್ರಮ.

ಸಮ್ಮೇಳನದ ದಿನ ಜೋಶಿ ಒಂದು ಭಾರಿ ಚೀಲ ಹೊತ್ತು ಜೀಪಿನಿಂದ ಇಳಿದ.

"ಏನಲೇ ಇದು, ಹೊಲಿಗಿ ಮಶೀನ?" ಎಂದೆ.

"ಲ್ಯಾಪ್‌ಟಾಪ್ ಲೇ! ತೊಡಿ ಮ್ಯಾಲೆ ಇಟ್ಕೊಳ್ಳೋ ಕಂಪ್ಯೂಟರ್."

ಎತ್ತಿ ನೋಡಿದೆ. "ಯಾರ ತೊಡಿ? ಭೀಮಂದ?"

"ನಗು ಮಗನ. ಇನ್ನ ಮುಂದ ಸಮ್ಮೇಳನಕ್ಕ ಯಾರೂ ಕಾಗದ ಹೊತ್ಕೊಂಡು ಬರಂಗಿಲ್ಲ ನೋಡು," ಎಂದ. ನನ್ನ ಹೆತ್ತ ಕರುಳು ಚುರ್ರೆಂದಿತು.

ಆದರೆ ದೇವರು ದೊಡ್ಡವನು. ಜೋಶಿ ಭಾಷಣಕ್ಕೆ ನಿಂತಾಗ ನೋಡಿದರೆ, ಆ ಯಂತ್ರದ ಪರದೆ ಮಕ್ಕಳ ಪಾಟಿಗಿಂತ ದೊಡ್ಡದಿರಲಿಲ್ಲ. ಎದುರಿಗೆ ನಿಂತವನಿಗೆ ಅಕ್ಷರ ಕಂಡರೆ, ಪಕ್ಕದವನಿಗೆ ಬರೀ ಮಬ್ಬು. "ನಮಗ ಜೋಶಿಯವರ ಬೆನ್ನ ಅಷ್ಟ ಕಾಣ್ತದ್ರಿ!" ಎಂದು ಹಿಂದಿನ ಸಾಲಿನಿಂದ ಯಾರೋ ಕೂಗಿದರು. ನನಗೆ ಆಗಲೇ ಹೋಳಿಗೆ ಉಂಡಷ್ಟು ತೃಪ್ತಿಯಾಯಿತು.

ಇನ್ನಷ್ಟು ದೋಷ ಸಿಕ್ಕಾವು ಎಂಬ ಆಸೆಯಿಂದ, ಊಟವನ್ನು ಬೇಗನೆ ಮುಗಿಸಿ ಜೋಶಿ ಇಳಿದುಕೊಂಡಿದ್ದ ಪ್ರವಾಸಿ ಮಂದಿರದ ಕೋಣೆಗೆ ಹೋದೆ. "ಏನರೆ ಬರಿ. ತಪ್ಪಿದ್ರ ಈ ಕೀಲಿ ಒತ್ತು," ಎಂದು ಯಂತ್ರವನ್ನು ನನ್ನ ಮುಂದಿಟ್ಟು ಅವನು ಊಟಕ್ಕೆ, ಅಲ್ಲಿಂದ ಹಾಗೇ ಕಾಲುವೆ ನೋಡಲಿಕ್ಕೆ ನಡೆದ. ಕೆನಾಲ್ ಎಂದು ಹೊಡೆದೆ. ರೂಢಿಯಂತೆ ಕ್ಯಾಮಲ್ ಬಂತು. ಊದಲು ಬಾಯಿ ಮುಂದೆ ಮಾಡಿದವನು, ನೆನಪಾಗಿ ಕೀಲಿ ಒತ್ತಿದೆ. ಒಂಟೆ ಮಾಯ! ಕಲೆಯಿಲ್ಲ, ಗುರುತಿಲ್ಲ. ಇಷ್ಟು ಸಲೀಸಾಗಿ ಪಾಪ ಪರಿಹಾರವಾಗುವುದನ್ನು ಯಾವ ಪುಣ್ಯಕ್ಷೇತ್ರದಲ್ಲೂ ನಾನು ಕಂಡಿರಲಿಲ್ಲ. ಬೇಕೆಂದೇ ಇನ್ನೊಂದು ತಪ್ಪು ಮಾಡಿದೆ, ಅಳಿಸಿದೆ. ಸುಮಿತ್ರಾಳ ಹೆಸರನ್ನು ಬಗೆಬಗೆಯಾಗಿ ಕೆಡಿಸಿ, ಮತ್ತೆ ಸರಿಮಾಡಿದೆ. ಹೆಂಡತಿಯ ವಿಷಯದಲ್ಲಿ ಮಾಡಿದ ತಪ್ಪು ಹೀಗೆ ಅಳಿಸಿಹೋದದ್ದೂ ಅದೇ ಮೊದಲು. ಸಂತೋಷದಲ್ಲಿ ಹೊತ್ತು ಹೋದದ್ದೇ ತಿಳಿಯಲಿಲ್ಲ.

"ಭಾಷಣ ಅಗದಿ ಛಲೋ ಆತ್ರಿ," ಎಂದು ಬೆನ್ನ ಹಿಂದಿನಿಂದ ಪಾಟೀಲ ಸಾಹೇಬರ ಧ್ವನಿ ಬಂತು.

"ಯಾರ್ದ್ರಿ ಸರ್?"

"ನಿಮ್ದರಿ! ನಿಮ್ಮನ್ನ ಹುಡುಕಿ ಸಾಕಾಗಿ, ನಿಮ್ಮ ಕಾಗದ ಹಂಚಿಬಿಟ್ವಿ. ಎಲ್ಲಾರೂ ಕೂತು ಓದಿದ್ರು, ಕಾಲುವಿ ಮ್ಯಾಲೆ ಜಗಳಾನೂ ಆಡಿದ್ರು. ಇಷ್ಟು ತಿಳಿಯೂ ಹಂಗ ಯಾರೂ ಹೇಳಿಲ್ಲ ಅಂದ್ರು."

ಕ್ಷಮೆ ಕೇಳಲು ಎದ್ದು ನಿಂತೆ. ಸಾಹೇಬರು ಖಾಲಿಯಾದ ಕುರ್ಚಿಯಲ್ಲಿ ತಾವೇ ಕೂತು, "ಇರ್ಲಿ ಬಿಡ್ರಿ. ಆ ಅಳಸೂದು ಹೆಂಗಂತ ನನಗೂ ತೋರಸ್ರಿ," ಎಂದರು. ಸಂಜೆ ಜೋಶಿ ಹೊರಡುವಾಗ ನನ್ನ ಕಾಗದದ ಒಂದು ಪ್ರತಿಯನ್ನು ಲ್ಯಾಪ್‌ಟಾಪ್ ಚೀಲಕ್ಕೇ ತುರುಕಿಕೊಂಡ. ದಾರಿಯಲ್ಲಿ ಓದಲಿಕ್ಕಂತೆ!

ಮನೆಗೆ ಬಂದಾಗ ಸುಮಿತ್ರಾ ಬಾಗಿಲಲ್ಲೇ ಕೇಳಿದಳು, "ಭಾಷಣ ಹೆಂಗಾತ್ರಿ?"

"ಎಲ್ಲಾರಿಗೂ ಪೂರಾ ತಿಳೀತಂತ. ಒಬ್ಬರೂ ತೂಕಡಿಸಲಿಲ್ಲ," ಎಂದೆ. ಅದರಲ್ಲಿ ಒಂದಕ್ಷರವೂ ಸುಳ್ಳಿರಲಿಲ್ಲ.



"ಯಾಕ್ರಿ, ನೀವು ಮಾತಾಡ್ಲಿಲ್ಲೇನು?"