ಮಾವನವರೂ ನನ್ನ ಸುಳ್ಳು ಕುಸ್ತಿಯೂ

ಟಿವಿ ಕುಸ್ತಿಯಲ್ಲಿ ಆಡುವವರಿಗೆ ಪೆಟ್ಟಾಗುತ್ತದೋ ಇಲ್ಲವೋ ದೇವರೇ ಬಲ್ಲ. ನೋಡುವ ನನಗೆ ಮಾತ್ರ ಒಂದಿಲ್ಲೊಂದು ಪೆಟ್ಟು ಬೀಳುತ್ತಲೇ ಇರುತ್ತದೆ.

೧. ಖರೇ ಮಗಳು

ನಾನು ದಾಂಡೇಲಿಯವ. ತೊಂಬತ್ತರ ದಶಕದಲ್ಲಿ ನಮ್ಮ ಓಣಿಗೆಲ್ಲ ಒಂದೇ ಮನೆಯಲ್ಲಿ ಕೇಬಲ್ಲು. ಆ ಮನೆಯ ಬಾಗಿಲಲ್ಲಿ ಚಪ್ಪಲಿ ಬಿಟ್ಟು, ಉಸಿರು ಬಿಗಿಹಿಡಿದು ವಿದೇಶಿ ಕುಸ್ತಿ ನೋಡಿ ಬೆಳೆದೆ. ಮುಂದೆ ಕೆಲಸ ಸಿಕ್ಕಿದ್ದು ಹಳಿಯಾಳದಲ್ಲಿ, ಹೆಣ್ಣು ಸಿಕ್ಕಿದ್ದೂ ಅಲ್ಲೇ. ಬಸ್‌ಸ್ಟ್ಯಾಂಡ್ ಹತ್ತಿರದ ಸಿಡಿ ಅಂಗಡಿಯಲ್ಲಿ ಅದೇ ಹಳೇ ಕುಸ್ತಿಗಳು ಬಾಡಿಗೆಗೆ ಸಿಗುತ್ತವೆಂದು ತಿಳಿದಾಗ ಆದ ಸಂತೋಷ ಮದುವೆ ದಿನವೂ ಆಗಿರಲಿಲ್ಲ. ಹೆಂಡತಿ ಇದನ್ನು ಓದುವುದಿಲ್ಲ ಎಂಬ ಧೈರ್ಯದಲ್ಲಿ ಬರೆದಿದ್ದೇನೆ.

ತೊಂದರೆ ಎಂದರೆ ಮಾವನವರು. ಹಳೇ ಪೈಲ್ವಾನರು; ಸುತ್ತಲಿನ ಊರುಗಳ ಕುಸ್ತಿ ಕಣದಲ್ಲಿ ತೀರ್ಪು ಹೇಳುವ ಪಂಚರು. ಗರಡಿಮನೆಯ ಮಣ್ಣು ಮೈಗೆ ಹತ್ತದ ಗಂಡಸು ಅವರ ಲೆಕ್ಕದಲ್ಲಿ ಗಂಡಸೇ ಅಲ್ಲ. ನಾನು ಸಿಡಿ ಹಾಕಿಕೊಂಡು ಕೂತದ್ದನ್ನು ಕಂಡದ್ದೇ ನನ್ನೊಡನೆ ಮಾತು ಬಿಟ್ಟರು. ಹೇಳುವುದೆಲ್ಲ ಮಗಳಿಗೆ. ಒಂದು ಸಲವಾದರೂ ಅವರ ಬಾಯಿಂದ ‘ಅಳಿಯಾರ’ ಅನ್ನಿಸಿಕೊಳ್ಳಬೇಕೆಂಬುದು ನನ್ನ ಹಟವಾಯಿತು.

ಅಂದು ಅವರು ಮಗಳಿಗೆ ಹೇಳಿದ್ದು ಇಷ್ಟೇ: “ಸುಳ್ಳು ಕುಸ್ತಿ ನೋಡಾಂವಗ ಖರೇ ಮಗಳ್ನ ಕೊಟ್ಟೆನಲ್ಲವಾ!”

೨. ಹಗ್ಗ

ಆದರೂ ಭಾನುವಾರ ಬಂದರೆ ಮಾವನವರ ಊಟ ನಮ್ಮ ಮನೆಯಲ್ಲೇ. ಉಂಡು ಗೋಡೆಗೆ ಒರಗಿದರೆ ಮುಖ ಕಿಟಕಿಯ ಕಡೆ, ಕಣ್ಣು ಟಿವಿಯ ಕಡೆ.

“ಯವ್ವಾ, ಮಣ್ಣ ಎಲ್ಲೈತಿ ಕೇಳು ನಿನ್ನ ಗಂಡಗ.”

“ಮಣ್ಣಿಲ್ಲಂತಪ್ಪಾ, ಕೆಳಗ ಹಲಗಿ ಐತಂತ.”

“ಬೆನ್ನು ನೆಲಕ್ಕ ಹತ್ತಿದ ಮ್ಯಾಲ ಚಿತ್ ಆತಲ್ಲ, ಮತ್ತ ಆ ಪಂಚ ಒಂದು ಎರಡು ಮೂರು ಅಂತ ಎಣಸೂದ್ಯಾಕ? ತತ್ತಿ ಮಾರಾಕ ಬಂದಾನೇನು?”

ನಾನು ಟಿವಿಯ ಸದ್ದು ಹೆಚ್ಚಿಸಿದೆ.

“ಸುತ್ತ ಹಗ್ಗ ಯಾಕ?”

“ಹೊರಗ ಬೀಳಬಾರದಂತ.”

ಅಷ್ಟರಲ್ಲಿ ಇಬ್ಬರೂ ಹಗ್ಗ ದಾಟಿ ಹಾರಿ, ನೋಡುವ ಜನರ ನಡುವೆ ಉರುಳಾಡತೊಡಗಿದರು. ಮಾವನವರು ನಿಟ್ಟುಸಿರು ಬಿಟ್ಟರು: “ನಮ್ಮ ಎಮ್ಮಿನಽ ಭೇಷಿ. ಹಗ್ಗ ಕಟ್ಟಿದ್ರ ನಿಂದರ್ತೈತಿ.”

೩. ದಿಂಬು

ಇದು ಸುಳ್ಳಲ್ಲವೆಂದು ತೋರಿಸಿಯೇ ಬಿಡೋಣವೆಂದು ಒಂದು ಭಾನುವಾರ ಎದ್ದೆ. ಚಿಕ್ಕಂದಿನಲ್ಲಿ ಮಂಚದಿಂದ ಗೆಳೆಯರ ಮೇಲೆ ಹಾರಿ ಮೊಣಕೈ ಊರುತ್ತಿದ್ದ ಪಟ್ಟು ನನಗಿನ್ನೂ ನೆನಪಿತ್ತು. ಮೈಗೆ ನೆನಪಿರಲಿಲ್ಲ. ನೆಲಕ್ಕೆ ಗಾದಿ ಹಾಸಿ, ಎದುರಾಳಿಯೆಂದು ಅದರ ಮೇಲೊಂದು ದಿಂಬು ಮಲಗಿಸಿ ಮಂಚ ಹತ್ತಿದೆ. ಹೆಂಡತಿ “ಬ್ಯಾಡ್ರೀ, ಬ್ಯಾಡ್ರೀ” ಅನ್ನುತ್ತಿದ್ದಂತೆಯೇ ಕಾಲು ಜಾರಿತು. ದಿಂಬು ಇದ್ದಲ್ಲೇ ಇತ್ತು. ನಾನು ಪಕ್ಕದಲ್ಲಿ ಅಂಗಾತ, ಎರಡೂ ಹೆಗಲು ನೆಲಕ್ಕೆ.

ಮಾವನವರು ಬಗ್ಗಿ ನೋಡಿ, ಕೈ ಎತ್ತಿ ತೀರ್ಪು ಕೊಟ್ಟರು: “ಚಿತ್!” ಆಮೇಲೆ ಮಗಳಿಗೆ, “ಇಷ್ಟ ವರ್ಷ ಕುಸ್ತಿ ಆಡಿಸೇನಿ. ದಿಂಬಿನ ಕೈಯಾಗ ಸೋತಾಂವನ್ನ ಇವತ್ತಽ ನೋಡಿದ್ದು.”

೪. ಪಂಚನ ಮೂರ್ಛೆ

ಸೊಂಟ ನೆಟ್ಟಗಾದ ಮೇಲೆ, ಚಿಕ್ಕಂದಿನಲ್ಲಿ ನನ್ನನ್ನು ಅಳಿಸಿದ್ದ ಒಂದು ಕುಸ್ತಿಯ ಸಿಡಿ ತಂದೆ. ಒಬ್ಬ ಒಳ್ಳೆಯವ, ಒಬ್ಬ ಗಡ್ಡದ ಕೇಡಿ, ನಡುವೆ ಪಂಚ. ಕೇಡಿ ತಳ್ಳಿದ ರಭಸಕ್ಕೆ ಪಂಚ ಮೂರ್ಛೆ ಹೋದ. ಕೂಡಲೇ ಕೇಡಿ ಕಬ್ಬಿಣದ ಕುರ್ಚಿ ಎತ್ತಿದ.

ಮಾವನವರು ಎದ್ದು ನಿಂತು ಟಿವಿಯತ್ತ ಕೂಗಿದರು: “ಪಂಚ ಇಲ್ಲದ ಕುಸ್ತಿ ನಡಸ್ತಾರೇನು? ಬಂದ್ ಮಾಡ್ರಿ!”

ಕೇಡಿ ಕೇಳಲಿಲ್ಲ. ಮಾವನವರು ಕಿಸೆಯಿಂದ ಸೀಟಿ ತೆಗೆದು ಊದಿದರು. ಎದುರು ಮನೆಯವರು ಓಡಿ ಬಂದರು. ಕೇಡಿ ಆಗಲೂ ಕೇಳಲಿಲ್ಲ. ನಾನು ರಿಮೋಟ್ ಒತ್ತಿದೆ. ಕೇಡಿ ಕುರ್ಚಿ ಎತ್ತಿದಲ್ಲೇ ನಿಂತ.

“ಪಂಚ ಏಳೂ ತನಕ ಹಂಗಽ ನಿಂದರ್ಲಿ” ಎಂದು ಮೀಸೆ ಸವರಿ ಮಾವನವರು ಮಲಗಲು ಹೋದರು.

ಚಹಾದ ಹೊತ್ತಿಗೆ ಎದ್ದು ಬಂದು ಮಗಳಿಗೆ ಮೊದಲು ಕೇಳಿದ್ದೇ, “ಎದ್ದನೇನವಾ ಅಂವ?”

ಎದುರು ಮನೆಯವರೂ ಕಾದು ಕೂತಿದ್ದರು. ಮತ್ತೆ ಶುರು ಮಾಡಿದೆ. ಕುರ್ಚಿ ಒಳ್ಳೆಯವನ ಬೆನ್ನಿಗೆ ಬಿತ್ತು, ಕೇಡಿ ಅವನ ಮೇಲೆ ಕೂತ. ಆಗ ಪಂಚ ಮೆಲ್ಲಗೆ ಕಣ್ಣು ಬಿಟ್ಟು, ತೆವಳಿಕೊಂಡು ಬಂದು, ಏನೊಂದೂ ವಿಚಾರಿಸದೆ ಮೂರು ಎಣಿಸಿ ಕೇಡಿಯ ಕೈ ಎತ್ತಿಬಿಟ್ಟ!

ಮಾವನವರ ಮುಖ ಕೆಂಪಗಾಯಿತು. ಮಗಳ ಕಡೆ ತಿರುಗಿದರು. ಅವಳು ಅಡುಗೆಮನೆಗೆ ಹೋಗಿದ್ದಳು. ವಿಧಿಯಿಲ್ಲದೆ ನನ್ನ ಕಡೆ ತಿರುಗಿದರು.

“ಅಳಿಯಾರ, ಹಿಂದಕ್ಕ ತಗೋರಿ. ಆ ಪಂಚ ಬಿದ್ದಿದ್ದಽ ಛಲೋ ಇತ್ತು.”