ನನ್ನ ‘ಸ’ ಸಿಕ್ಕಿದ ಕಥೆ

ಇದರಲ್ಲಿ ಒಂದಕ್ಷರ ಸುಳ್ಳಿಲ್ಲ. ಆಣೆ ಬೇಕಾದರೆ ನನ್ನ ಗಂಟಲಿನ ಮೇಲೆಯೇ ಇಡ್ತೇನೆ. ನನ್ನಂಥ ಕಂಠ ಇರುವವರಿಗೆ ಇಂಥದ್ದೆಲ್ಲ ಆಗ್ತಾ ಇರ್ತದೆ. ಕಂಠವೇ ಇಲ್ಲದವರಿಗೆ ಎಂತ ಆಗ್ಲಿಕ್ಕುಂಟು?

೧. ಕರೋಕೆ

ತಂಗಿಯ ಮಗಳ ನಿಶ್ಚಿತಾರ್ಥ, ಬಿಜೈಯ ಒಂದು ಸಭಾಭವನದಲ್ಲಿ. ನಾನು ಫೋನಿಗೆ ಇಳಿಸಿಕೊಂಡು ಹೋದ ಟ್ರ್ಯಾಕ್ ಹೆಂಗಸರ ಶ್ರುತಿಯದ್ದು ಎಂದು ನನಗೇನು ಗೊತ್ತು? ಪಲ್ಲವಿ ಹೇಗೋ ದಾಟಿದೆ. ಚರಣಕ್ಕೆ ತುದಿಗಾಲಲ್ಲಿ ನಿಂತೆ, ಆಮೇಲೆ ಕುರ್ಚಿಯನ್ನೇ ಹತ್ತಿದೆ. ಸ್ವರ ಅದಕ್ಕೂ ಮೇಲಿತ್ತು. ಕೊನೆಗೆ ಮೈಕನ್ನು ಸಭೆಯ ಕಡೆ ಹಿಡಿದು, “ಈಗ ಎಲ್ಲರೂ” ಎಂದೆ. ವರನ ಅಜ್ಜಿ ಒಬ್ಬರೇ ಹಾಡಿದರು. ಅದೂ ಶ್ರುತಿಯಲ್ಲಿ.

“ಮಾಮ, ಅತ್ತೆ ಮನೆಯವರು ಇನ್ನೂ ನಗ್ತಾ ಇದ್ದಾರೆ,” ಎಂದಳು ಹುಡುಗಿ. “ಮದುವೆಗೆ ಹಾಡುವುದಾದರೆ ಕಲಿತು ಬನ್ನಿ. ಇಲ್ಲದಿದ್ದರೆ ಧಾರೆ ಸೀರೆಯಲ್ಲೇ ಬಂದು ಮೈಕ್ ಆಫ್ ಮಾಡ್ತೇನೆ.”

೨. ಜೆಪ್ಪುವಿನ ಟೀಚರ್

ಜೆಪ್ಪುವಿನಲ್ಲಿ ಚರ್ಚಿನ ಗಾಯನ ತಂಡಕ್ಕೆ ಕಲಿಸುವ ಟೀಚರ್ ಒಬ್ಬರಿದ್ದಾರೆ. ಹೋದ ಕೂಡಲೇ ಕೇಳಿದರು: “ನಿಮ್ಮ ‘ಸ’ ಯಾವುದು?”

“ಟೀಚರ್, ಏಳೂ ನನ್ನದೇ.”

ಅವರು ಹಾರ್ಮೋನಿಯಂನ ಒಂದೊಂದೇ ಕೀ ಒತ್ತಿ ನನ್ನಿಂದ ಹಾಡಿಸಿದರು. ಆರನೆಯದಕ್ಕೆ, “ಇದು ನಿಮ್ಮ ‘ಸ’. ಇಲ್ಲಿಂದ ಮೇಲೆಯೂ ಕೆಳಗೆಯೂ ನಿಮಗೆ ನಿಲುಕ್ತದೆ,” ಎಂದರು. ಐವತ್ತೆಂಟು ವರ್ಷ ನಾನು ವಿಳಾಸವೇ ಇಲ್ಲದೆ ಹಾಡಿದ್ದೆ ಮಾರಾಯ್ರೆ!

ಆಮೇಲೆ ಒಂದು ತಿಂಗಳು ಮದುವೆಯ ಹಾಡನ್ನು ಬರೀ ಸ್ವರದಲ್ಲಿ ಅಭ್ಯಾಸ. ಮನೆಯಲ್ಲೂ ಅದೇ. ಹೆಂಡತಿ, “ಮೀನು ತರ್ತೀರಾ?” ಎಂದರೆ ನಾನು, “ಗ ಮ ಪ.” ಮಧ್ಯಾಹ್ನ ಬಟ್ಟಲಿಗೂ ಅದನ್ನೇ ಬಡಿಸಿದಳು.

೩. ಮದುವೆ

ಪಡೀಲಿನಲ್ಲಿ ಮದುವೆ. ಕೀಬೋರ್ಡಿನವ ಶುರು ಮಾಡಿದ ಕೂಡಲೇ ಕೈ ಎತ್ತಿದೆ. “ನಿಲ್ಸು. ನನಗಿಂತ ಮೊದಲು ಹಾಡಿದ ಅಕ್ಕನಿಗೆ ಶ್ರುತಿ ಏರಿಸಿದ್ದಿ, ಇಳಿಸಲಿಲ್ಲ.”

ಅವ ಯಂತ್ರ ನೋಡಿದ, ನನ್ನನ್ನು ನೋಡಿದ, ಇಳಿಸಿದ. “ಅಂಕಲ್, ನೀವು ಕಲಿತವರಾ?”

“ಮುಖ ನೋಡಿದರೆ ಗೊತ್ತಾಗುವುದಿಲ್ವಾ?”

ಮದುಮಗಳ ಕಣ್ಣು ಮಾತ್ರ ಮೈಕಿನ ಸ್ವಿಚ್ಚಿನ ಮೇಲೆಯೇ. ಹಾಡಿದೆ. ಶ್ರುತಿ ಸರಿ, ತಾಳ ಸರಿ. ಆದರೆ ಸಾಹಿತ್ಯ ಬಾಯಿಗೇ ಬರಲಿಲ್ಲ, ತಿಂಗಳಿಂದ ಅದನ್ನು ಹಾಡಿದ್ದರೆ ತಾನೇ? ಪಲ್ಲವಿ, ಚರಣ ಎಲ್ಲ ಸ್ವರದಲ್ಲೇ ಮುಗಿಸಿದೆ.

ಮದುಮಗಳ ಅತ್ತೆ ಮೆಲ್ಲ ಕೇಳಿದರು: “ನಿನ್ನ ಮಾಮ ಇಷ್ಟು ದೊಡ್ಡ ವಿದ್ವಾಂಸರಾ? ಹಾಗಾದರೆ ಅವತ್ತು ಬೇಕಂತಲೇ ತಮಾಷೆ ಮಾಡಿದ್ದಾ?”

“ಹೌದತ್ತೆ,” ಎಂದಳು ಹುಡುಗಿ, ಸ್ವಿಚ್ಚಿನಿಂದ ಕಣ್ಣು ತೆಗೆದು. “ಅವರು ಹಾಗೆಯೇ.”

ಆದ್ದರಿಂದ ಹಾಡುವವರೇ, ಶಾಸ್ತ್ರ ಕಲಿಯಿರಿ. ಸಾಹಿತ್ಯ ಮರೆತರೂ ಮರ್ಯಾದೆ ಉಳೀತದೆ. ನನಗಾಗಿ ಇಡೀ ಸಭೆ ಎದ್ದು ನಿಂತಿತು ಅಂದರೆ ನೋಡಿ.

ಎದ್ದು ನಿಂತದ್ದು ನಿಜ. ‘ನನಗಾಗಿ’ ಎಂಬುದೊಂದು ಮಾತ್ರ ನಾನು ಸೇರಿಸಿದ್ದು. ಅಷ್ಟರಲ್ಲಿ ಊಟದ ಬಾಗಿಲು ತೆರೆದಿದ್ದರು.