ಹಿರಿಯರ ವಾಕ್ಯ ಮತ್ತು ತುದಿ ಹೊಲದ ನೀರು

ವಾಕ್ಯ ಕೇಳಿದ್ರ ಸಾಲದು, ಬಾಳಿನಾಗ ನಡಸಬೇಕು ಅಂತ ನಮ್ಮ ಮನಿಯವರು ಪ್ರತಿ ಐತಾರ ಹೇಳ್ತಾರ. ಜನ ಪ್ರತಿ ಸೋಮವಾರ ಅದನ್ನ ಮಗ್ಗಲ ಮನಿಯವರ ಬಾಳಿನಾಗ ನಡಸಾಕ ಹೊಂಡ್ತಾರ. ಪಾಸ್ಟರ್ ಹೆಂಡತಿಯಾಗಿ ನನಗ ಮೂವತ್ತು ವರ್ಷ ಆತು. ಯಾದಗಿರಿ, ಶಹಾಪುರ, ಸುರಪುರ ಅಂತ ವರ್ಗ ಆದಲ್ಲೆಲ್ಲಾ ಬೋಗಾಣಿ, ಟ್ರಂಕು ಹೊತ್ಕೊಂಡು ತಿರಗೀನಿ, ಒಂದು ಊರಾಗೂ ಇದು ತಪ್ಪಿಲ್ಲ. ಆದ್ರ ಕೆಂಭಾವಿ ಕಡಿ ಹಳ್ಳ್ಯಾಗಿದ್ದಾಗಿನ ಆ ಒಂದು ವರ್ಷದ್ದು ಹೇಳಲಿಲ್ಲಂದ್ರ ನನಗ ಹೊಟ್ಟಿ ಉಬ್ಬತದ.

ಆವಾಗ ಕಾಲುವಿ ನೀರು ಬಂದು ನಾಕೈದು ವರ್ಷ ಆಗಿತ್ತು. ಜ್ವಾಳ, ತೊಗರಿ ಬೆಳೀತಿದ್ದ ಜನ ಎರಡು ಬೆಳಿ ನೆಲ್ಲು ಹಚ್ಚಾಕತ್ತಿದ್ರು. ನಮ್ಮ ಚರ್ಚಿನ ಸಭಾಕ್ಕ ಹಿರಿಯರು ಅಂತ ಒಬ್ಬರಿದ್ರು, ಅವರ ಹೊಲ ತೂಬಿನ ಬಾಯಾಗೇ ಇತ್ತು. ಅದೇ ಹೊಲಗಾಲುವಿ ಅವರ ಹೊಲ ದಾಟಿ, ಕಡೀಗಿ ಹೋಗಿ ಮುಟ್ಟೂದು ಒಬ್ಬ ಗಂಡ ಸತ್ತ ಹೆಣಮಗಳ ಒಂದೂವರಿ ಎಕರಿಗಿ. ಆಕಿನ್ನ ನಾವೆಲ್ಲಾ ಚಿಗವ್ವ ಅಂತಿದ್ವಿ, ಆಕಿನೂ ನಮ್ಮ ಸಭಾದಾಕಿನೇ. ಮಂದಿ ಹೊಲದಾಗ ನಾಟಿ ಮಾಡಿ ಮಾಡಿ ನಡಾ ಬಗ್ಗಿದಾಕಿ, ಆ ವರ್ಷ ಮದ್ಲನೇ ಸಲ ತನ್ನ ಹೊಲದಾಗ ತನ್ನ ನೆಲ್ಲು ಹಚ್ಚಿದ್ಲು. ಗುರುವಾರ ಒಂದೇ ದಿನ ಆಕಿ ನೀರಿನ ಪಾಳಿ. ಸರಿಯಾಗಿ ಅವತ್ತೇ ಹಿರಿಯರ ಹೊಲದ ಮುಂದ ಮಣ್ಣು ತುಂಬಿದ ಗೋಣಿಚೀಲ ಕಾಲುವ್ಯಾಗ ಅಡ್ಡ ಬಿದ್ದಿರ್ತಿದ್ದವು. ಯಾರು ಇಟ್ರು ಅಂತ ಕೇಳಿದ್ರ ಹಿರಿಯರು ಆಕಾಶ ನೋಡ್ತಿದ್ರು.

ಹೊಸ ವರ್ಷದ ಚೀಟಿ

ಹೊಸ ವರ್ಷದ ಮುಂಜಾನಿ ಆರಾಧನಿ ಮುಗದ ಮ್ಯಾಲ ಮನಿಗೊಂದು ವಾಕ್ಯದ ಚೀಟಿ ಎತ್ತೂದು ನಮ್ಮ ಪದ್ಧತಿ. ಕಣ್ಣು ಮುಚ್ಚಿ ತಾಟಿನಾಗ ಕೈ ಹಾಕಬೇಕು, ಬಂದದ್ದು ಆ ವರ್ಷ ಆ ಮನಿಗಿ ದೇವರ ಮಾತು. ಬಾಗಿಲ ಮ್ಯಾಲ ಅಂಟಿಸ್ಕೊಬೇಕು. ಚೀಟಿ ಬರಿಯಾಕಿ ನಾನು. ಬರೇ ಸಿಹಿ ವಾಕ್ಯ ಬರದು ಬರದು ಬ್ಯಾಸರಾಗಿ ಆ ವರ್ಷ ನಾಕು ಖಾರದ್ದೂ ಸೇರಿಸಿದ್ದೆ.

ಹಿರಿಯರು ಮದ್ಲ ಎತ್ತಿದ್ರು. ನಿನ್ನ ಶಿಲುಬಿ ನೀ ಹೊತ್ಕೊ ಅಂತ ಬಂತು. ಎರಡು ಚೀಟಿ ಅಂಟ್ಕೊಂಡು ಬಂದಾವ ಅಂತ ತಿರುಗಿ ಹಾಕಿದ್ರು. ಎರಡನೇದು, ಇದ್ದದ್ದನ್ನ ಮಾರಿ ಬಡವರಿಗಿ ಕೊಡು ಅನ್ನೂದು. ಕನ್ನಡಕ ತಂದಿಲ್ಲ, ಅಕ್ಷರ ಕಾಣವಲ್ವು ಅಂದ್ರು. ಮೂರನೇದನ್ನ ಯಾರಿಗೂ ತೋರಸಲೇ ಇಲ್ಲ. ನಾಕನೇದು ಕಾಲುವಿ ದಂಡಿಗಿ ನೆಟ್ಟ ಮರ ಎಲಿ ಬಾಡಾಂಗಿಲ್ಲ ಅನ್ನೂ ಕೀರ್ತನಿ. ಕನ್ನಡಕ ಇಲ್ಲದೇ ಅದನ್ನ ಗಡಗಡ ಓದಿದ್ರು. ಮರುದಿನ ಆ ಚೀಟಿ ಅವರ ಮನಿ ಬಾಗಿಲಿಗಿ ಇರಲಿಲ್ಲ. ಪ್ಲಾಸ್ಟಿಕ್ ಸುತ್ಕೊಂಡು ತೂಬಿನ ಮಗ್ಗಲ ಗೂಟಕ್ಕಿತ್ತು, ನೀರಾವರಿ ಇಲಾಖೆ ಬೋರ್ಡಿಗಿಂತ ಒಂದು ಗೇಣು ಎತ್ತರ.

ನಮ್ಮ ಸಲಿಕಿ

ಅದೇ ತಿಂಗಳು ಹಿರಿಯರು ಬಂದು ನಮ್ಮ ಸಲಿಕಿ ಒಯ್ದ್ರು, ಸಂಜಿಗಿ ತರ್ತೀನಿ ಅಂತ. ಹದಿನೈದು ದಿನ ಆತು, ಸಂಜಿ ಆಗಲಿಲ್ಲ. ನಾನೇ ಹೋಗಿ ಕೇಳಿದೆ. ನಮ್ಮ ಸಲಿಕಿಲೇ ಆ ಗೋಣಿಚೀಲಕ್ಕ ಮಣ್ಣು ತುಂಬಾಕತ್ತಿದ್ರು ಪುಣ್ಯಾತ್ಮರು. ನನ್ನ ನೋಡಿ ಚೂರೂ ಮುಜುಗರ ಇಲ್ಲ, ಒಯ್ದವನ ಹತ್ರ ತಿರುಗಿ ಕೇಳಬ್ಯಾಡ ಅಂತ ಲೂಕನ ಸುವಾರ್ತ್ಯಾಗ ಅದ, ಪಾಸ್ಟರಮ್ಮ ಆಗಿ ನಿಮಗ ಗೊತ್ತಿಲ್ಲೇನು ಅಂತ ನನಗೇ ಪಾಠ ಹೇಳಿದ್ರು.

ಗೊತ್ತದ ಬಿಡ್ರಿ ಅಂತ ಬಂದೆ. ಮುಂದಿನ ಐತಾರ ಅವರ ಛತ್ರಿ ಚರ್ಚಿನ ಬಾಗಿಲಾಗಿತ್ತು, ಅವರ ಕಣ್ಣಮುಂದೇ ಎತ್ಕೊಂಡು ಮನಿಗಿ ನಡದೆ. ಊಟಕ್ಕ ಕೂಡೂದರಾಗ ಬಂದು ಛತ್ರಿ ಕೇಳಿದ್ರು. ಲೂಕನ ಸುವಾರ್ತಿ ಅಂದೆ. ಒಂದು ಗಳಿಗಿ ವಿಚಾರ ಮಾಡಿ, ಅದು ಸೇವೆದಾಗ ಇದ್ದವರಿಗಿ ಹೇಳಿದ್ದು, ನಾವು ಒಕ್ಕಲುತನದವರು ಅಂತ ಛತ್ರಿ ಬಗಲಿಗಿ ಹಾಕ್ಕೊಂಡು ಹ್ವಾದ್ರು.

ಕಡಿಯವರು ಮದ್ಲಿನವರು

ಚಿಗವ್ವ ಒಂದು ಸಲ ಅವರ ಕಟ್ಟಿಗಿ ಹೋಗಿ ನೆಟ್ಟಗ ಕೇಳಿದ್ಲು, ಕಡಿಯವರು ಮದ್ಲಿನವರಾಗ್ತಾರ ಅಂತ ವಾಕ್ಯದಾಗ ಅದಲ್ರಿ, ನಂದು ಯಾವಾಗ ಅಂತ. ಹಿರಿಯರು ಭಾಳ ಪ್ರೀತಿಲೇ ತಿಳಿಸಿ ಹೇಳಿದ್ರು: "ಅದು ಪರಲೋಕದ ಪಾಳಿ ತಂಗಿ. ಇಲ್ಲೀದು ಇಲಾಖೆ ಪಾಳಿ."

ಮುಂದಿನ ವಾರ ಸುಗ್ಗಿ ಹಬ್ಬದ ಸಹಭೋಜನ. ಮಟನ್ ಸಾರು ಮಾಡಿಸಿದ್ವಿ, ಬಡಸೂದು ಚಿಗವ್ವನ ಕೈಯಾಗಿತ್ತು. ಸಾಲಿನಾಗ ಮದ್ಲ ನಿಂತವರು ಯಾರು ಅಂತ ಬ್ಯಾರೆ ಹೇಳಬೇಕೇನು, ಹಿರಿಯರೇ, ತಾಟು ಮುಂದ ಚಾಚಿ. ಆಕಿ ಒಂದು ಸೌಟು ಬರೇ ಸಾರು ಹಾಕಿದ್ಲು. ತುಣುಕು ಎಲ್ಲಿ ಅಂತ ಅವರು ತಾಟು ಕಲಸಿ ನೋಡಿದ್ರು. ತುಣುಕು ಪರಲೋಕದಾಗ ಬಡಸ್ತಾರಂತ್ರಿ, ನೀವೇ ಹೇಳೀರಿ ಅಂದ್ಲು.

ಎಣ್ಣಿ ಹಚ್ಚಿದ ತಲಿ

ಶುಭ ಶುಕ್ರವಾರಕ್ಕ ಮುಂಚಿನ ಉಪವಾಸದ ಕಾಲ, ಶ್ರಮದ ನಲವತ್ತು ದಿನ ಬಂದ್ವು. ಉಪವಾಸ ಮಾಡೋರು ಮಾರಿ ಸಣ್ಣ ಮಾಡ್ಕೊಂಡು ತೋರಸಬಾರದು, ತಲಿಗಿ ಎಣ್ಣಿ ಹಚ್ಚಿ ಮಾರಿ ತೊಳ್ಕೊಂಡು ಯಾರಿಗೂ ಗೊತ್ತಾಗದಂಗ ಇರಬೇಕು ಅಂತ ಯೇಸುಸ್ವಾಮಿ ಹೇಳ್ಯಾನ. ಹಿರಿಯರು ಇದನ್ನ ಅಕ್ಷರಕ್ಷರ ಪಾಲಿಸಿದ್ರು. ಬುಧವಾರ, ಶುಕ್ರವಾರ ಉಪವಾಸ. ಆ ದಿನ ಕೊಬ್ರಿ ಎಣ್ಣಿ ಕಿವಿ ಮ್ಯಾಲಿಂದ ಇಳದು ಅಂಗಿ ಕಾಲರ್ ತೋಯ್ತಿತ್ತು. ಬಿಸಲಾಗ ನಿಂತ್ರ ಮಿರಿಮಿರಿ ಮಿಂಚೋರು. ಹಿಂಗಾಗಿ ಯಾರಿಗೂ ಗೊತ್ತಾಗಬಾರದ ಉಪವಾಸ ಊರಿಗೆಲ್ಲಾ ಗೊತ್ತಾತು. ಬಸ್ಸಿನ ಕಂಡಕ್ಟರ್ ಸೈತ ಅವರ ತಲಿ ನೋಡಿ, ಇವತ್ತು ಒಂದೊತ್ತೇನ್ರಿ ಯಜಮಾನ್ರೆ ಅಂತ ಕೇಳ್ತಿದ್ದ.

ಒಂದು ಶುಕ್ರವಾರ ನಾ ಕೆಂಭಾವಿ ಸಂತಿಗಿ ಹೋಗಿದ್ದೆ. ಬಸ್‌ಸ್ಟ್ಯಾಂಡ್ ಮಗ್ಗಲ ಹೋಟೆಲಿನಾಗ ಆವಾಗಷ್ಟೇ ಬಾಣಲಿಗಿ ಮಿರ್ಚಿ ಬಿಟ್ಟಿದ್ರು. ಹೋಟೆಲ್ ಮುಂದ ಹಿರಿಯರು, ಎಣ್ಣಿ ಹಚ್ಚಿದ ತಲಿ. ಆ ಕಡಿ ನೋಡಿದ್ರು, ಈ ಕಡಿ ನೋಡಿದ್ರು. ಆಮ್ಯಾಲ ಹೆಗಲ ಮ್ಯಾಲಿನ ಟವೆಲ್ ತಗೊಂಡು ತಲಿ ಚಂದಾಗಿ ಒರಸ್ಕೊಂಡು, ಒಣಾ ತಲಿ ಆದ ಮ್ಯಾಲೇ ಒಳಗ ಹೋಗಿ ನಾಕು ಮಿರ್ಚಿ ಹೇಳಿದ್ರು.

ಇಸಾಕನ ಬಾವಿ

ಈ ಹೊತ್ತಿಗಿ ಚಿಗವ್ವನ ನೆಲ್ಲು ತೆನಿ ಹೊಡದು ಹಾಲು ತುಂಬಾಕತ್ತಿತ್ತು. ಈಗ ನೀರು ತಪ್ಪಿದ್ರ ಕಾಳು ಕಟ್ಟಾಂಗಿಲ್ಲ, ಎಲ್ಲಾ ಜೊಳ್ಳು. ಮದ್ಲ ಚೀಲದ ಸಂದ್ಯಾಗಿಂದ ಸೋರಿದ್ದರ ಬರ್ತಿತ್ತು, ಈಗ ಎರಡು ಗುರುವಾರ ಹನಿ ನೀರು ಬಂದಿರಲಿಲ್ಲ. ಆಕಿ ನಮ್ಮ ಮನಿಗಿ ಬಂದು ಒಂದು ತೆನಿ ಹಿಚುಕಿ ನನ್ನ ಕೈಯಾಗ ಇಟ್ಲು, ಇನ್ನೊಂದು ವಾರ ಅಷ್ಟೇ ಅಮ್ಮಾರೆ ಅಂದ್ಲು. ನನಗ ಸಿಟ್ಟು ನೆತ್ತಿಗೇರಿತು. ನಮ್ಮ ಮನಿಯವರಿಗಿ ಹೇಳಿದೆ: ಈ ಐತಾರ ಹೇಳ್ತೀರೋ, ಇಲ್ಲಾ ನಾನೇ ಪೀಠ ಹತ್ತಲೋ?

ನಮ್ಮ ಮನಿಯವರು ಸಾಧು ಮನಿಷ್ಯಾ. ಹಿರಿಯರ ಎದುರಿಗಿ ನಿಂತು ಮಾತಾಡೂ ಧೈರ್ಯ ಇಲ್ಲ, ಹಂಗಂತ ನನ್ನ ಎದುರಿಗಿ ನಿಂದ್ರೂ ಧೈರ್ಯಾನೂ ಇಲ್ಲ. ನಡುವಿನ ದಾರಿ ಹುಡಿಕಿ ಇಸಾಕನ ಕಥಿ ತಗದ್ರು. ಇಸಾಕನ ಅಪ್ಪ ತೋಡಿಸಿದ್ದ ಬಾವಿಗೋಳನ್ನ ಆ ನಾಡಿನ ಫಿಲಿಷ್ಟಿಯರು ಹೊಟ್ಟಿಕಿಚ್ಚಿಲೇ ಮಣ್ಣು ಹಾಕಿ ಮುಚ್ಚಿದ್ರು. ಇನ್ನೊಬ್ಬರ ನೀರು ಮುಚ್ಚೋರನ್ನ ದೇವರು ನೋಡ್ತಾನ ಅಂತ ಮುಕ್ಕಾಲು ತಾಸು ಹೇಳಿದ್ರು. ಹಿರಿಯರು ಮುಂದಿನ ಸಾಲಿನಾಗ ಕುಂತು ತಲಿ ಆಡಿಸಿದ್ದೇ ಆಡಿಸಿದ್ದು, ಎರಡು ಸಲ ಕಣ್ಣೂ ಒರಸ್ಕೊಂಡ್ರು. ನಾಟಿತು ಅಂದ್ಕೊಂಡೆ.

ಆರಾಧನಿ ಮುಗದ ಮ್ಯಾಲ ಬಂದು ನಮ್ಮವರ ಎರಡೂ ಕೈ ಹಿಡಕೊಂಡು, ಕಾಲುವಿ ಮ್ಯಾಲಿನ ಕ್ಯಾಂಪಿನಾಗ ಬಂದು ನೆಲಸಿದವರು ನನ್ನ ನೀರು ಕಟ್ಟೂದು ನಿಮಗ ಹೆಂಗ ಗೊತ್ತಾತ್ರಿ ಅಯ್ನೋರೆ, ನಾ ಯಾರಿಗೂ ಹೇಳಿದ್ದಿಲ್ಲ ಅಂದ್ರು. ಅವತ್ತು ಮಧ್ಯಾಹ್ನ ನೊಂದ ಇಸಾಕ ಹೊಲಕ್ಕ ಹೋಗಿ ಇನ್ನೆರಡು ಚೀಲ ಮಣ್ಣು ತುಂಬಿದ.

ಪಾದ ತೊಳಿಯೂದು

ಶುಭ ಶುಕ್ರವಾರದ ಹಿಂದಿನ ದಿನ, ಗುರುವಾರ, ಯೇಸುಸ್ವಾಮಿ ಶಿಷ್ಯರ ಕಾಲು ತೊಳದದ್ದನ್ನ ನೆನಸೂ ಆರಾಧನಿ. ಪಾಸ್ಟರ್ ಯೋಹಾನನ ಸುವಾರ್ತಿ ಓದಬೇಕು, ಸಭಾದ ಹಿರಿಯರು ನಡಕ್ಕ ಟವೆಲ್ ಕಟ್ಕೊಂಡು ಹನ್ನೆರಡು ಮಂದಿ ಕಾಲು ತೊಳೀಬೇಕು. ಹಿರಿಯರಿಗಿ ತ್ರಾಸ ಆಗಬಾರದಂತ ಆ ಹನ್ನೆರಡು ಮಂದಿ ಮನ್ಯಾಗೇ ಸಬಕಾರ ಹಚ್ಚಿ ಕಾಲು ತೊಳ್ಕೊಂಡು ಬರ್ತಿದ್ರು. ಆ ಸಲ ಒಬ್ಬರಿಗಿ ಜ್ವರ ಬಂತು. ಹನ್ನೆರಡನೇ ಕುರ್ಚಿಗಿ ಚಿಗವ್ವನ್ನ ಕರೀರಿ ಅಂದೆ ನಾ. ಹೆಣಮಕ್ಕಳ ಕಾಲು ಹೆಂಗ ಅಂತ ಯಾರೋ ಗುಣುಗುಟ್ಟಿದ್ರು. ಯಾವ ಅಧ್ಯಾಯದಾಗ ಬ್ಯಾಡ ಅಂದದ ತೋರಸ್ರಿ ಅಂದೆ, ಆಕಿಗಿ ಕುರ್ಚಿ ಹಾಕಿದ್ರು.

ಹನ್ನೊಂದು ಮಂದಿದು ಮುಗದಿತ್ತು. ಬೋಗಾಣಿಯೊಳಗಿನ ನೀರು ಇನ್ನಾ ತಿಳಿಯಾಗೇ ಇತ್ತು. ಚಿಗವ್ವ ಹೊಲದಿಂದ ಸೀದಾ ಬಂದು ಕುಂತ್ಲು. ಹಿರಿಯರು ಮಣಕಾಲೂರಿ ಆಕಿ ಕಾಲು ನೋಡಿ, ಇದೇನು ತಂಗಿ, ಇಷ್ಟು ಧೂಳು ಅಂದ್ರು.

"ನೆಲ್ಲಿನ ಹೊಲದಾಗಿಂದ ಬಂದೀನ್ರಿ," ಅಂದ್ಲು ಆಕಿ.

ನೆಲ್ಲಿನ ಹೊಲದಾಗ ಧೂಳು ಹೆಂಗ ಬರ್ತದ ಅನ್ನೂದು ಅಲ್ಲಿ ಕುಂತ ಎಲ್ಲಾರಿಗೂ ಗೊತ್ತಿತ್ತು. ನಮ್ಮವರು ಅವಸರಲೇ ಮುಂದ ಓದಿದ್ರು: ಬರೇ ಕಾಲಷ್ಟೇ ಬ್ಯಾಡ ಸ್ವಾಮಿ, ನನ್ನ ಕೈ, ತಲಿನೂ ತೊಳಿ ಅಂತ ಪೇತ್ರ ಕೇಳ್ಕೊಂಡ ಜಾಗ. ಚಿಗವ್ವ ಕೈ ಎತ್ತಿ ಅವರನ್ನ ನಿಲ್ಲಿಸಿದ್ಲು.

"ಪೇತ್ರ ಕೈ, ತಲಿ ಕೇಳಿದ. ನನಗ ಅವು ಬ್ಯಾಡ್ರಿ ಹಿರಿಯರೆ. ಕಾಲು ಆದ ಮ್ಯಾಲ ನನ್ನ ಒಂದೂವರಿ ಎಕರಿನೂ ತೊಳೀರಿ."

ಆರಾಧನಿ ಮುಗೀಲಿ, ನಾಳಿ ನೋಡೂಣು ಅಂದ್ರು ಹಿರಿಯರು. ನಾಳಿ ಶುಭ ಶುಕ್ರವಾರ, ಹೊಲಕ್ಕ ಕಾಲಿಡಬಾರದಂತ ನೀವೇ ಎದ್ದು ನಿಂತು ಹೇಳೀರಿ ಅಂದ್ಲು. ಶನಿವಾರ ಅಂದ್ರು. ಶನಿವಾರ ನಿಮ್ಮ ಪಾಳಿ, ನಂದು ಇವತ್ತು ಅಂದ್ಲು. ಬೋಗಾಣಿಯಾಗಿಂದ ಕಾಲು ತಗೀಲಿಲ್ಲ. ನಮ್ಮವರಿಗಿ ಏನು ಮಾಡಬೇಕು ತಿಳೀಲಿಲ್ಲ, ಅಧ್ಯಾಯ ಮದ್ಲಿಂದ ಓದಿದ್ರು. ಮುಗೀತು, ಮತ್ತ ಓದಿದ್ರು. ಹಿರಿಯರಿಗಿ ಮಣಕಾಲು ಬ್ಯಾನಿ, ಯಾರರ ಕೈ ಕೊಡದ ಏಳಾಕ ಬರಾಂಗಿಲ್ಲ. ಕಾಲು ತೊಳಿಸ್ಕೊಂಡ ಹನ್ನೊಂದು ಮಂದಿ ತಮ್ಮ ತಮ್ಮ ಕಾಲು ನೋಡ್ಕೋತ ಕುಂತಿದ್ರು, ಒಬ್ಬರೂ ಕೈ ಕೊಡಲಿಲ್ಲ. ಮೂರನೇ ಸಲ ಪೇತ್ರ ಬರೂ ಹೊತ್ತಿಗಿ ಹಿರಿಯರು ನಡೀರಿ ಅಂದ್ರು, ಚಿಗವ್ವನೇ ಕೈ ಕೊಟ್ಟು ಎಬ್ಬಿಸಿದ್ಲು.

ನಡಕ್ಕ ಕಟ್ಟಿದ ಟವೆಲ್ ಬಿಚ್ಚೂದು ಮರತೇ ಬಿಟ್ಟಿದ್ರು. ಮುಂದ ಅವರು, ಹಿಂದ ಚಿಗವ್ವ, ಆಕಿ ಹಿಂದ ಸತ್ಯವೇದ ಹಿಡಕೊಂಡ ನಮ್ಮವರು, ಆಮ್ಯಾಲ ಇಡೀ ಸಭಾ ಕಾಲುವಿ ಕಡಿ ನಡೀತು. ಹಿರಿಯರು ತಾವೇ ಇಳದು ಚೀಲ ಒಂದೊಂದೇ ಜಗ್ಗಿ ದಂಡಿಗಿ ಒಗದ್ರು. ನೀರು ನುಗ್ಗಿತು. ತುದಿ ಹೊಲದ ತನಕ ನಾವೂ ನೀರಿನ ಸಂಗಟ ನಡದ್ವಿ. ಬಿರದ ನೆಲ ನೀರು ಕುಡಿಯೂದು ನೋಡಿ ಚಿಗವ್ವ ಸೆರಗು ಬಾಯಿಗಿ ಹಿಡಕೊಂಡು ಅತ್ಲು. ನಾನೂ ಅತ್ತೆ, ಸುಳ್ಳ್ಯಾಕ ಹೇಳಲಿ.

ಆಮ್ಯಾಲ ಆಕಿ ಕಣ್ಣೊರಸ್ಕೊಂಡು ಹಿರಿಯರ ಕಡಿ ತಿರಗಿದ್ಲು. ಅವರು ಮಣಕಾಲ ತನಕ ಕೆಸರಾಗಿದ್ರು.

"ಬದುವಿನ ಮ್ಯಾಲ ಕೂಡ್ರಿ ಹಿರಿಯರೆ, ಈಗ ನಿಮ್ಮ ಕಾಲು ನಾ ತೊಳೀತೀನಿ. ಒಬ್ಬರ ಕಾಲು ಒಬ್ಬರು ತೊಳೀರಿ ಅಂತ ಅಯ್ನೋರು ಮೂರು ಸಲ ಓದ್ಯಾರ."

ಹಿರಿಯರು ಆಕಿ ಮಾರಿ ನೋಡಿದ್ರು, ಆಕಿ ಕೈ ನೋಡಿದ್ರು, ಎರಡು ಹೆಜ್ಜಿ ಹಿಂದ ಸರದ್ರು.

"ಬ್ಯಾಡ ತಂಗಿ, ನೀ ಹಿಡದ ಕಾಲು ಸುಮ್ನ ಬಿಡಾಕಿ ಅಲ್ಲ. ಮುಂದಿನ ಗುರುವಾರನೂ ಚೀಲ ಇಡಾಂಗಿಲ್ಲ, ಅದರ ಮುಂದಿನ ಗುರುವಾರನೂ ಇಡಾಂಗಿಲ್ಲ. ನನ್ನ ಕಾಲಿಗಿ ಮಾತ್ರ ಕೈ ಹಚ್ಚಬ್ಯಾಡ."